ಕಣ್ಣಿರುವ ಹೋಳು

ಕೊಯ್ಯುವಾಗ ಅವಸರ ಬೇಡ, ಅನ್ನುತ್ತಿದ್ದರು ಅತ್ತೆ ಜವರಮ್ಮ.
ಒಂದೊಂದು ಹೋಳಿಗೂ ಒಂದಾದರೂ ಕಣ್ಣಿರಬೇಕು.
ಕಣ್ಣಿಲ್ಲದ್ದು ಮಣ್ಣಲ್ಲಿ ಕೊಳೆಯುತ್ತೆ, ಅಷ್ಟೆ.
ಕೊಯ್ದ ಗಾಯಕ್ಕೆ ಒಲೆಯ ಬೂದಿ ಸವರು,
ನೆರಳಲ್ಲಿ ಹರವು, ಮೂರು ದಿನ ಕಾಯಿ.

ಅತ್ತೆ ಹೋಗಿ ಹನ್ನೊಂದು ವರ್ಷ.
ಇದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿ
ಮೂರನೇ ದಿನ ಹಾಲುತುಪ್ಪ ಬಿಟ್ಟೆವು.
ನೇಗಿಲು ಈಗಲೂ ಅಲ್ಲಿಗೆ ಬಂದಾಗ
ಒಂದು ಮಾರು ದೂರ ಸರಿದು ತಿರುಗುತ್ತದೆ.

ಈ ಸಲ ಹಾಸನದ ಮಂಡಿಯಿಂದ ಟೆಂಪೋದಲ್ಲಿ
ನಾಲ್ಕು ಚೀಲ ಬಿತ್ತನೆ ಆಲೂಗೆಡ್ಡೆ ಬಂತು,
ಜೊತೆಗೆ ಇವರ ಮಾತ್ರೆಯ ಕವರು.
ಬೆಳಗ್ಗೆ ಎರಡು, ರಾತ್ರಿ ಮೂರು,
ಎದೆ ಹಿಂಡಿದರೆ ನಾಲಿಗೆಯಡಿ ಒಂದು.
ಅದು ತೀರ ಚಿಕ್ಕದು. ಕೈಜಾರಿದರೆ
ರಾಗಿಯಲ್ಲಿ ಹುಡುಕಿದ ಹಾಗೆ.

ಶಿವರಾತ್ರಿಯ ಮಾರನೆಯ ದಿನ
ಮೋಟಾರಿನ ಸ್ಟಾರ್ಟರ್ ಮುಂದೆ ಕುಕ್ಕರಿಸಿದವರು ಏಳಲಿಲ್ಲ.
ದುದ್ದದಿಂದ ಹಾಸನದ ಆಸ್ಪತ್ರೆಯವರೆಗೆ
ಆಟೋದಲ್ಲಿ ಇವರ ಹೆಬ್ಬೆರಳು ಹಿಡಿದು ಕೂತೆ.
ಪೇಷೆಂಟ್ ಹೆಸರೇನಮ್ಮ, ಅಂದಳು ನರ್ಸು.
ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ
ಬಾಯಿಬಿಟ್ಟು ಹೇಳಿದೆ: ಬೋರೇಗೌಡ.
ಹೇಳಿದ ಮೇಲೆ ನಡುಕ ಬಂತು.
ಗಂಡನ ಹೆಸರು ಹಿಡಿದರೆ ಆಯಸ್ಸು ಕಡಿಮೆ ಅಂತಾರಲ್ಲ.
ಇನ್ನೊಂದು ಸಲ ಹೇಳಮ್ಮ, ಕೇಳಿಸಲಿಲ್ಲ, ಅಂದಳು.

ಆಮೇಲೆ ರಾತ್ರಿಗಳು ಉದ್ದವಾದವು.
ಗೊರಕೆ ಇದ್ದಾಗ ಬೈದುಕೊಂಡವಳು ನಾನು;
ಈಗ ಗೊರಕೆ ನಿಂತರೆ ಎದ್ದು ಕೂರುತ್ತೇನೆ.
ಮೂಗಿನ ಹತ್ತಿರ ಕೈಯ ಹಿಂಭಾಗ ಹಿಡಿಯುತ್ತೇನೆ,
ಕಾದ ಹೆಂಚಿನ ಶಾಖ ನೋಡುವ ಹಾಗೆ.
ಬಂತು. ಹೋಯಿತು. ಬಂತು.
ಆಮೇಲೆ ದನದ ಕೊಟ್ಟಿಗೆಗೆ ಹೋಗಿ
ಸುಮ್ಮನೆ ಒಂದಿಷ್ಟು ಹುಲ್ಲು ಎಳೆದು ಹಾಕಿ ಬರುತ್ತೇನೆ.
ಹಸು ನನ್ನನ್ನು ನೋಡುತ್ತೆ, ಹೊತ್ತಲ್ಲದ ಹೊತ್ತಲ್ಲಿ ಏನಿವಳದು ಅಂತ.

ಒಂದು ರಾತ್ರಿ ನನಗೇ ಎಚ್ಚರವಾಯಿತು.
ನನ್ನ ಮುಖದ ಮೇಲೆ ಬೀಡಿ ಬಿಟ್ಟ ಬೆರಳುಗಳ ವಾಸನೆ.
ಇವರು ಮೊಣಕೈ ಊರಿಕೊಂಡು, ಕತ್ತಲಲ್ಲಿ,
ನನ್ನ ಮೂಗಿಗೆ ಕೈ ಹಿಡಿದಿದ್ದರು.
ಏನ್ರೀ ಇದು?
ಏನಿಲ್ಲ ಕಣೇ. ನೀನು ಗೊರಕೆ ಹೊಡೀತಿರಲಿಲ್ಲ.
ನಾನು ಯಾವಾಗ ಗೊರಕೆ ಹೊಡೀತೀನಿ!
ಹೊಡೀತೀಯ. ಮದುವೆಯಾದಾಗಿನಿಂದ.
ಯಾರೂ ಹೇಳಿರಲಿಲ್ಲ ನನಗೆ.
ನಗು ತಡೆಯಲಾಗದೆ ಕೆಮ್ಮು ಬಂತು,
ಕೆಮ್ಮು ಅಳುವಾಯಿತು,
ಇವರು ಲೈಟು ಹಾಕಲಿಲ್ಲ.

ಯಾರು ಮೊದಲು ಅನ್ನುವ ಮಾತು
ಆ ರಾತ್ರಿ ನಮ್ಮಿಬ್ಬರ ನಡುವೆ ಬಂದು ಮಲಗಿತು,
ನಮ್ಮ ಮಗಳು ಚಿಕ್ಕವಳಿದ್ದಾಗ ಮಲಗುತ್ತಿದ್ದ ಜಾಗದಲ್ಲಿ.

ಬೆಳಗಾದ ಮೇಲೆ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿದರು.
ಹಸಿರು ಒತ್ತು. ಮೂರು ಎಣಿಸು. ಬಿಡು.
ಹೆದರಬೇಡ, ಕಚ್ಚಲ್ಲ.
ನಾನು ಹಿಟ್ಟಿನ ಕೋಲು ಕೈಗೆ ಕೊಟ್ಟೆ.
ಇವರ ಮುದ್ದೆಯಲ್ಲಿ ಗಂಟಿತ್ತು,
ನನ್ನ ಮೋಟಾರು ಗುರ್ ಅಂದು ನಿಂತಿತು.
ಒಬ್ಬರನ್ನೊಬ್ಬರು ಬೈದುಕೊಂಡೆವು, ಊಟ ಮಾಡಿದೆವು.
ಭಯ ಹೋಯಿತೇ ಅಂದರೆ, ಇಲ್ಲ.
ಪಡಸಾಲೆಯಲ್ಲೇ ಇದೆ, ಬೀಗರ ಹಾಗೆ ಗತ್ತಿನಲ್ಲಿ ಕೂತಿದೆ.
ನಾವೂ ಎಷ್ಟು ದಿನ ಅಂತ ಉಪಚಾರ ಮಾಡುವುದು?
ಗೆಡ್ಡೆ ಕೊಯ್ಯಲು ಕೂತಿದ್ದೇವೆ.

ಬೂದಿಯಾದ ಕೈಯಿಂದಲೇ ಇವರು
ಮಂಡಿಯ ಮೇಲೊಂದು ಹೋಳಿಟ್ಟು ತಿರುಗಿಸುತ್ತಾರೆ,
ಚಷ್ಮ ಹಣೆಗೆ ಏರಿಸಿ, ಕಣ್ಣು ಹುಡುಕುತ್ತಾ.
ಇದೆಯಾ?
ಇದೆ. ಇಲ್ಲಿ, ನೋಡು, ಅಂಚಿನಲ್ಲಿ.

ಮೋಡ ಸೀಗೆಗುಡ್ಡದ ಕಡೆ ಕಟ್ಟಿದೆ.
ಕಣ್ಣಿಲ್ಲದ ಹೋಳುಗಳನ್ನೆಲ್ಲ ಸೆರಗಿಗೆ ಹಾಕಿಕೊಂಡೆ.
ರಾತ್ರಿ ಸಾರು ಇವರೇ ಮಾಡಿದರು.
ಉಪ್ಪು ಜಾಸ್ತಿ.
ಇನ್ನೊಂದು ಸೌಟು ಹಾಕಿ ಅಂದೆ.