ಒಂದೂವರೆ ಸೆಂಟಿಮೀಟರ್

ಮುಹರ್ರಕ್ಕಿನ ಹಳೇ ಪೇಟೆ. ಹಲ್ವಾ ಅಂಗಡಿಯ ಪಕ್ಕದ ಮೆಟ್ಟಿಲೇರಿದರೆ
ನಮ್ಮ ಚೌಕಟ್ಟಿನ ಅಂಗಡಿ. ಎ.ಸಿ. ತೊಟ್ಟಿಕ್ಕುವ ಕಡೆ ಬಕೆಟ್ಟು,
ತೊಟ್ಟಿಕ್ಕದ ಕಡೆ ನಾನು.

ಲುಲ್ವಾ ಮೇಡಂ ತಂದದ್ದು ಇನ್ನೂರು ವರ್ಷದ ಕಾಗದ:
ಬೆಟ್ಟದ ನೆತ್ತಿಯಲ್ಲಿ ಮುರಿದ ಕೋಟೆ,
ಸೀಸದ ಗೆರೆ, ಮೇಲೆ ಕಂದು ಮಸಿಯ ತೆಳುನೀರು.
ಬುರುಜಿನ ಬಿರುಕಿನಲ್ಲಿ ಒಂದು ಮರ ಹುಟ್ಟಿದೆ,
ಕಿಟಕಿಯಿದ್ದ ಕಡೆ ಚಂದ್ರ.
ಬರೆದವನಿಗೆ ಪಾಳು ಎಷ್ಟು ಇಷ್ಟವೆಂದರೆ
ಸರಿಯಿದ್ದ ಗೋಡೆಯನ್ನೂ ತುಸು ಬೀಳಿಸಿರಬೇಕು.
ಅವನ ಮೋಡದಲ್ಲಿರುವಷ್ಟು ನೀರು
ಇಲ್ಲಿ ನಮ್ಮ ಅಂಗಿಯ ಬೆನ್ನಲ್ಲಷ್ಟೇ.

"ಹಳೇ ಅಳತೆಯೇ ಇರಲಿ" ಎಂದು ಹೋದರು.
"ಗೋಡೆಯಲ್ಲಿ ಜಾಗ ಅಷ್ಟೇ."

ಮಧ್ಯಾಹ್ನದ ಬಾಂಗು ಮುಗಿದ ಮೇಲೆ
ಮೊಳೆ ಕಿತ್ತೆ, ಹಿಂದಿನ ರಟ್ಟು ಬಿಚ್ಚಿದೆ,
ಬಿಸ್ಕತ್ತಿನಂತೆ ಒಣಗಿದ್ದ ಅಂಟನ್ನು
ಕೂದಲೆಳೆ ಕೂದಲೆಳೆಯಾಗಿ ಎಬ್ಬಿಸಿದೆ.
ಮೌಂಟು ಸರಿದಾಗ
ಬಿಸಿಲು ಕಾಣದ ಬೆರಳಗಲ ಕಾಗದ,
ವಾಚು ಬಿಚ್ಚಿದ ಮಣಿಕಟ್ಟಿನ ಹಾಗೆ ಬಿಳಿ.
ಅಲ್ಲೊಬ್ಬ ಮನುಷ್ಯ.

ಅಕ್ಕಿಕಾಳಿಗಿಂತ ತುಸು ದೊಡ್ಡವನು.
ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಲ್ಲು.
ಇಳಿಜಾರಿನಲ್ಲಿ ಇಳಿಯುತ್ತಿದ್ದಾನೆ, ಒಂದು ಮೊಣಕಾಲು ಮಡಿಸಿ.

ಓಹೋ ಎಂದೆ. ಕೋಟೆ ತಾನಾಗಿ ಬಿದ್ದದ್ದಲ್ಲ.
ಗಾಳಿ, ಮಳೆ, ಚಂದ್ರ ಎಲ್ಲ ಬರೀ ಸಾಕ್ಷಿ;
ಇವನು ದಿನಕ್ಕೊಂದು ಹೊರೆ ಇಳಿಸಿದ್ದಾನೆ
ಒಲೆಗೋ, ಹಂದಿಗೂಡಿಗೋ, ಮಗಳ ಮನೆಯ ಹೊಸ್ತಿಲಿಗೋ.
ಮಿರ್ಜಾನದ ನಮ್ಮ ಬಾವಿಕಟ್ಟೆಯ ಚಿರೆಕಲ್ಲೊಂದಕ್ಕೆ
ಕಮಾನಿನ ತಿರುವಿತ್ತು.
ಎಲ್ಲಿಂದ ಬಂತೆಂದು ಯಾರೂ ಕೇಳಿದವರಿಲ್ಲ.
ಊರಲ್ಲಿ ಕೋಟೆಯಿತ್ತು, ಅಷ್ಟೇ.
ಇಲ್ಲಿಯೂ, ಈ ಓಣಿಯ ತುದಿಯಲ್ಲಿ,
ಹವಳದ ಕಲ್ಲಿನ ಮನೆಯೊಂದನ್ನು ಬಿಚ್ಚುತ್ತಿದ್ದಾರೆ
ಕಲ್ಲು ಕಲ್ಲಿಗೂ ನಂಬರು ಬರೆದು;
ನಂಬರು ತಪ್ಪಿದ ಕಾಂಡ್ಲಾ ತೊಲೆಯ ತುಂಡು
ಖೋಕನ್‌ನ ಮಂಚಕ್ಕೆ ನಾಲ್ಕನೇ ಕಾಲು.

ಹಳೇ ಅಳತೆಗೆ ಕೊರೆದರೆ ಇವನು ಮತ್ತೆ ಒಳಗೆ.
ಸ್ಕೇಲು ಇಟ್ಟೆ. ತೆಗೆದೆ. ಚಹಾ ಕುಡಿದು ಬಂದೆ.
ಅಲಗು ಬದಲಿಸಿ
ಒಂದೂವರೆ ಸೆಂಟಿಮೀಟರ್ ಆಚೆ ಕೊರೆದೆ.

ಗುರುವಾರ ಬಂದರು, ಕನ್ನಡಕ ಹಣೆಯಿಂದ ಇಳಿಸಿದರು.
ಕೋಟೆ ನೋಡಿದರು, ಚಂದ್ರನ ನೋಡಿದರು,
ಆಮೇಲೆ ಮೂಲೆಗೆ ಬಾಗಿ, ಬಹಳ ಹೊತ್ತು.
"ಇವನ್ಯಾರು? ಮೊದಲು ಇರಲಿಲ್ಲ."
"ಇದ್ದ, ಮೇಡಂ."
ಗಾಜಿಗೆ ಎರಡು ದಿನಾರ್ ಜಾಸ್ತಿ, ಎಂದೆ.
ಅವರು ಬಾಗಿಯೇ ಇದ್ದರು.