ಬಾಯಿಲೆ ಊದಿದ ಭೋಂಗಾ

ಸಾವಿರ ಬೀಡಿ ಕೊಟ್ಟು, ಅದರಾಗ ನೂರು ಒಡಕಂತ ತಗದು ಒಗಿಸಿಕೊಂಡು,
ಬುಟ್ಟಿ ಹಗುರ, ಕುತ್ತಿಗಿ ಭಾರ,
ದಿನಾ ಸಂಜಿಗೆ ಕನ್ನಾ ಚೌಕ ದಾಟಬೇಕು ನಾನು.
ಅಲ್ಲೇ, ಬಾಗಿಲು ಹಾಕಿದ ಫೋಟೋ ಸ್ಟುಡಿಯೋದ ಮೆಟ್ಟಿಲ ಮ್ಯಾಲೆ
ಗೈಬುಸಾಬ.

ಮುಖಕ್ಕ ಬಣ್ಣಿಲ್ಲ, ಕಾಲಿಗೆ ಗೆಜ್ಜಿಲ್ಲ,
ಹಾವಿಲ್ಲ, ಕೋತಿಲ್ಲ, ಹಗ್ಗದ ಮ್ಯಾಲೆ ನಡಿಯೋ ಮಗಳಿಲ್ಲ.
ಒಂದು ಬಾಯಿ. ಅದರಾಗ ಹನ್ನೊಂದು ಹಲ್ಲು.

ಮೊದಲ ಸಣ್ಣ ಹುಡುಗರಿಗೆ ಕುಕ್ಕರಿನ ಸೀಟಿ.
ಆಮ್ಯಾಲೆ ಹೋಟಗಿ ಬಿಟ್ಟು ಬರೋ ರೈಲು.
ಆಮ್ಯಾಲೆ ಹಾಲಿನವನ ಫಟಫಟಿ, ಚಾಲೂ ಆಗಲಾರದ ಕೆಮ್ಮು,
ಅದಕ್ಕ ಹಾಲಿನಂವ ಬೈಯೋದು:
ಮರಾಠಿಯಾಗ ಸುರು, ತೆಲುಗಿನ್ಯಾಗ ಅರ್ಧ,
ಮುಗಿಯೋದು ಮಾತ್ರ ಕನ್ನಡದಾಗ,
ಅವ್ವನ ತನಕಾ ಹೋಗಲಿಕ್ಕೆ ಅದೇ ಸಮೀಪದ ಹಾದಿ.
ನಗಿ ಮೂರು ಕಡಿಂದ ಮೂರು ಸಲ ಬರತದ.
ಕಡಿಗೆ ಯಾವುದು ಯಾರದು ಗೊತ್ತಾಗಂಗಿಲ್ಲ.

ಡಬ್ಬಿ ಅಲ್ಲಾಡಿಸತಾನ:
'ಪಗಾರ ಹಾಕ್ರಿ, ಪಗಾರ. ಭಿಕ್ಷಾ ಅಲ್ಲ.'

ಆರಕ್ಕ ಎರಡು ನಿಮಿಷ ಇದ್ದಾಗ ಸುಮ್ಮನಾಗತಾನ.
ಎರಡೂ ಅಂಗೈ ಬಾಯಿಗೆ ಹಿಡದು, ಕಣ್ಣು ಮುಚ್ಚಿ,
ಊದತಾನ ಗಿರಣಿ ಭೋಂಗಾ.

ಗಿರಣಿ ಬಂದಾಗಿ ಇಪ್ಪತ್ತೆರಡು ವರ್ಷಾತು.
ಚಿಮಣಿ ಕೆಡವಿದರು. ಮಗ್ಗ ತೂಕಕ್ಕ ಹಾಕಿದರು.
ನೂಲು ತೇಲತಿದ್ದ ಜಾಗಾದಾಗ ಈಗ ಮಂಗಲ ಕಾರ್ಯಾಲಯ.
ಯಾರ ಪಾಲಿಗೆ ಏನು ಬಂತು, ಎಲ್ಲಾ ಕಾಗದದಾಗ ಅದ;
ಭೋಂಗಾ ಯಾರಿಗೆ, ಅದೊಂದು ಬರಿಯೋದು ಮರತರು.
ಅದು ಬಂದು ಈ ಮನಿಷಾನ ಗಂಟಲದಾಗ ಕುಂತಿತ್ತು.

ಊದಿದಾಗ ಏನಾಗತದ ಹೇಳಲಾ?
ಪೇರಲಹಣ್ಣಿನಂವ ಮಣಿಕಟ್ಟು ನೋಡಿಕೋತಾನ,
ಗಡಿಯಾರ ಕಟ್ಟಿದವನೇ ಅಲ್ಲ.
ಭಾಕರಿ ಬಡಿಯೋ ನರ್ಸವ್ವ ಎರಡನೇ ತಾಟಿಗೆ ಕೈ ಚಾಚಿ
ಹಂಗೇ ಹಿಂದಕ್ಕ ತಗೋತಾಳ.
ಹಾರ್ನಿನ ಮ್ಯಾಲಿನ ಬೆರಳು ಸಡಿಲಾಗತಾವು.
ನನಗ ಅಪ್ಪ ಬರತಾನ, ಹುಬ್ಬಿನ ಮ್ಯಾಲೆ ಹತ್ತಿ,
ಸತ್ತ ಮ್ಯಾಲೂ ಮೂರು ತಿಂಗಳ ಪಗಾರ ಗಿರಣಿಯಾಗೇ ಇರೋ ನಮ್ಮಪ್ಪ.
ಆ ಗಿರಣಿಯ ಭೋಂಗಾಕ್ಕ ಈಗ ನಾನು ಪಗಾರ ಕೊಡತೀನಿ,
ಎರಡು ರೂಪಾಯಿ, ಕೈಯಾಗಿದ್ದರ.

ಊದಿ ಮುಗಿದ ಮ್ಯಾಲೆ ನಾಲ್ಕು ಉಸಿರಿನಷ್ಟು ಹೊತ್ತು
ಚೌಕದಾಗ ಯಾರೂ ಯಾರಿಗೂ ಏನೂ ಮಾರಂಗಿಲ್ಲ.

ಹೊಸಾ ಫೌಜದಾರ ಬಂದ.
'ರಸ್ತಾ ಅಡ್ಡಗಟ್ಟತೀ. ಪರವಾನಗಿ ಎಲ್ಲಿ?'
ಗೈಬುಸಾಬ ಮೊದಲ ಜೀಪಿನ ಬ್ರೇಕ್ ಒದರಿಸಿ ತೋರಿಸಿದ,
ಫೌಜದಾರನ ಪೇದೆನೇ ನಕ್ಕಬಿಟ್ಟ. ಅದೇ ಮುಳುವಾತು.

ಮರುದಿನದಿಂದ ಚೌಕ ಸಾಫ್.
ಅರ್ಧ ಹೊತ್ತಿನ್ಯಾಗ ದಾಟಿದೆ, ಲಗೂನ ಮನಿ ಮುಟ್ಟಿದೆ.
ಉಳಿದ ಕಾಲು ತಾಸು ಏನು ಮಾಡಬೇಕು ತಿಳಿಲಿಲ್ಲ.
ಮತ್ತಿಪ್ಪತ್ತು ಬೀಡಿ ಸುತ್ತಿದೆ.
ಯಾರೂ ತಕರಾರು ಕೊಡಲಿಲ್ಲ, ಯಾವ ಪೇಪರಿನ್ಯಾಗೂ ಬರಲಿಲ್ಲ.
ಹಣ್ಣಿನಂವ ಮಾತ್ರ ಚಿಲ್ಲರಿಗಾಗಿ ಜಗಳಾಡಿದ,
ನರ್ಸವ್ವನ ಭಾಕರಿ ಎರಡು ದಿನ ಸೀದವು.

ಒಂಬತ್ತನೇ ಸಂಜಿ.
ಆರಕ್ಕ ಎರಡು ನಿಮಿಷ. ಎಲ್ಲಾರೂ ಸ್ವಲ್ಪ ನಿಧಾನಾದರು,
ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಆಗ ಹಣ್ಣಿನವನ ಪೋರ ಗಾಡಿ ಏರಿ, ಅಂಗೈ ಹಿಡದು
ಊದಿದ.
ಎಮ್ಮಿ ಕರ ಒದರಿದಂಗಾತು.
ನಕ್ಕೆವು. ನಕ್ಕು ಸುಮ್ಮನ ನಿಂತೆವು.
ಎಣಿಸಿದೆ ನಾನು: ಒಂದು, ಎರಡು, ಮೂರು, ನಾಲ್ಕು.

ಬುಟ್ಟಿ ಇಳಿಸಿ ಎರಡು ರೂಪಾಯಿ ಚಾಚಿದೆ.
ಪೋರ ಕೈ ಹಿಂದಕ್ಕ ಕಟ್ಟಿಕೊಂಡ.
'ಇದು ಚಾಚಾನ ಪಗಾರರೀ. ಅಲ್ಲಿ ಹಾಕ್ರಿ.'

ಮೆಟ್ಟಿಲ ಮ್ಯಾಲೆ ಅದೇ ಡಬ್ಬಿ, ಮಳಿ ಬೀಳದಂಗ ಹಂಚು ಮುಚ್ಚಿತ್ತು.
ಎತ್ತಿ ನೋಡಿದೆ. ಅರ್ಧ ತುಂಬಿತ್ತು,
ಗುಡಿ ಮುಂದ ಬಿಟ್ಟ ಚಪ್ಪಲಿ ಉಳಿಯಲಾರದ
ಈ ಸೊಲ್ಲಾಪುರದಾಗ.