ಎರಡು ಟಿಕ್

ಗೇರ್‌ಬಾಕ್ಸೇ ಸತ್ತಿದೆ ಅಂದ ಹಾಲ್ವಾರ್,
ಗುಜರಿಗೆ ಹಾಕೋಣ ಅಂದ.
ಎರಡು ಚಳಿಗಾಲ ಈ ವೋಲ್ವೋ
ತೊಂಬತ್ತು ದಾಟಿದರೆ ಅರಚಿಕೊಳ್ಳುತ್ತ
ಆರ್ವಿದ್ಸ್ಯೌರ್‌ನಿಂದ ಕಡಲತೀರಕ್ಕೆ ಓಡಿದೆ.

ಬಸ್ ಡಿಪೋದಲ್ಲಿ ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡವಳು ನಾನು.
ನಾಡಿ ಹಿಡಿಯದೆ ಹೂಳುವುದಿಲ್ಲ.

ಇಂಜಿನ್ ಬೇಡ, ಕೀಲಿ ಮಾತ್ರ ತಿರುಗಿಸು.
ನಾಲ್ಕಕ್ಕೆ ಹಾಕು. ಒತ್ತು.
ಹಿಮದ ಮೇಲೆ ರಟ್ಟು ಹಾಸಿ ಅಡಿಯಲ್ಲಿ ಮಲಗಿದ್ದೆ.
ಎರಡು ಟಿಕ್ ಕೇಳಬೇಕು:
ಡ್ಯಾಶಿನ ಹಿಂದೊಂದು, ನನ್ನ ಹಣೆಗೆ ನೇರ ಒಂದು.
ಒತ್ತಿದೆ, ಅಂದ.
ಏನಿಲ್ಲ. ಪಕ್ಕದ ಮನೆಯ ನಾಯಿ ಮಾತ್ರ.

ಎಣ್ಣೆ ಸರಿ. ಫ್ಯೂಸ್ ಸರಿ.
ರಿಲೇ ಬಿಚ್ಚಿ ಬೆಸುಗೆಗೆ ದೀಪ ಹಿಡಿದೆ, ಬಿರುಕಿಲ್ಲ.
ಸೊಲೆನಾಯ್ಡಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟೆ:
ಟಿಕ್.
ಜೀವ ಇದೆ.

ಉಳಿದದ್ದು ಅವನ ಅಂಗೈಯಡಿಯ ಗುಂಡಿ.
ಗೇರ್ ಹಿಡಿಯ ಮುಚ್ಚಳ ಎಬ್ಬಿಸಿದರೆ
ಕೂದಲಿನಂಥ ತಂತಿ,
ಬಾಗಿ ಬಾಗಿ ಸೋತು ತುಂಡಾದದ್ದು.
ದಾರಿಯುದ್ದಕ್ಕೂ ಹಿಡಿಯ ಮೇಲೇ ಕೈಭಾರ ಬಿಡುವವನು
ಆಕಾಶ ನೋಡಿದ.

ಬೆಸೆದೆ. ಹೆದ್ದಾರಿಯಲ್ಲಿ ಒತ್ತಿದ.
ಬಾಣದ ದೀಪ ಹತ್ತಿತು,
ಇಂಜಿನ್ ಒಂದು ಉಸಿರು ಬಿಟ್ಟು ತಗ್ಗಿತು,
ಗದ್ದಲ ಎಲ್ಲಿ ಹೋಯಿತೋ.

ಹತ್ತು ಕಿಲೋಮೀಟರು ಇಬ್ಬರೂ ಸುಮ್ಮನೆ.
ಆಮೇಲೆ ಅವನು, ರಸ್ತೆ ನೋಡುತ್ತಲೇ,
"ಸಿಗ್‌ಬ್ರಿಟ್, ಹೋದ ವರ್ಷವೇ ಹೇಳಬೇಕಿತ್ತು..."
ಅಂತ ಶುರು ಮಾಡಿದ.

ನನ್ನ ಕೈ ಯಾಕೋ
ಗುಂಡಿಯ ಕಡೆ ಹೋಯಿತು.